ನೀಲಿ ಎಣಿಕಿ

ಸಂಜಿ ಆರೂವರಿಗಿ ಸ್ವಿಚ್ಚು ಒತ್ತಿದರ
ಎರಿ ಮಣ್ಣಿನ ಅಂಚಿಗಿ ಒಮ್ಮೆಲೇ ಏಳತಾವ
ಮೊಣಕಾಲೆತ್ತರದ ನೀಲಿ ದೀಪ.
ಇವತ್ತ ವಿಮಾನ ಇಲ್ಲ. ಆದರೂ ಹಚ್ಚಬೇಕು, ಎಣಿಸಬೇಕು,
ರಿಜಿಸ್ಟರಿನ್ಯಾಗ ಬರದು ಸಹಿ ಹಾಕಬೇಕು.

ಲಾಡ್ಲೆಸಾಬರು ಮುಂದ, ನಾನು ಹಿಂದ,
ಹೆಗಲಿಗಿ ಮೆಗ್ಗರು.
ಐಟಿಐ ಮುಗಿಸಿ ಬಂದ ಮೊದಲ ದಿನ ಕೇಳಿದ್ದೆ:
"ಇಷ್ಟು ಸಣ್ಣ ಬೆಳಕಿನ್ಯಾಗ ವಿಮಾನಕ್ಕ ಏನು ಕಾಣತದ ಚಾಚಾ?"
"ಕಾಣಸಲಿಕ್ಕಲ್ಲ ಇದು, ಹೇಳಲಿಕ್ಕ.
ದಾರಿ ಇಲ್ಲಿಗಿ ಮುಗೀತು ಅಂತ ಹೇಳಲಿಕ್ಕ.
ನೀಲಿ ದಾಟಿದರ ಎರಿ.
ಎರಿಯಾಗ ಒಂದು ಸಲ ಗಾಲಿ ಇಳೀತಂದ್ರ
ಎಂಟೆತ್ತು ಹೂಡಿದರೂ ಎದ್ದು ಬರೂದಿಲ್ಲ."

ಖರೆ. ಈ ಮಣ್ಣು ಯಾರ ಮಾತೂ ಕೇಳೂದಿಲ್ಲ.
ಬ್ಯಾಸಗಿಗಿ ಬಾಯಿ ಬಿಡತದ, ಕೈ ಹೋಗುವಷ್ಟು;
ಮಳಿಗಿ ಉಬ್ಬಿ ಕಾಂಕ್ರೀಟಿನ ಕುಣಿ ಎತ್ತಿ ವಾರಿ ಮಾಡತದ.
ಆಷಾಢ ಮುಗಿಯೂದರಾಗ ನಮ್ಮ ದೀಪಗಳು
ಮದುವಿ ಊಟ ಉಂಡು ಎದ್ದವರಂಗ ಅಷ್ಟಷ್ಟು ವಾಲತಾವ.
ಕುಣಿ ಮುಚ್ಚಳ ತಗದರ ಒಮ್ಮೆ ಚೇಳು,
ಒಮ್ಮೆ ಇಲಿ ಕಡದ ಕೇಬಲ್ಲು,
ಒಮ್ಮೆ, ಯಾರ ಹೊಲದ್ದೋ, ಮೊಳಕಿ ಒಡದ ಎರಡು ತೊಗರಿ ಕಾಳು.
ಚಾಚಾ ಅವನ್ನ ಕೀಳಲಿಲ್ಲ. ಮುಚ್ಚಳ ಹಾಕಿದರು, ಅಷ್ಟ.

ಮೊದಲು ಅವರು ಆಳಂದ ಕಡಿ ಮದುವಿಗಳಿಗಿ
ಸೀರೀಸು ಕಟ್ಟತಿದ್ದರು.
ಒಂದು ಬಲ್ಬು ಸತ್ತರ ಇಡೀ ಮಾಲಿ ಕತ್ತಲಿ.
ಒಂದು ನಿಕಾಹದಾಗ, ಬಿರಿಯಾನಿ ಆರಿ ಹೋಗತನಕ,
ನೂರಾ ಎಪ್ಪತ್ತು ಬಲ್ಬು ಒಂದೊಂದ ತಿರುವಿ ನೋಡಿದರಂತ;
ಬೀಗರು ನಕ್ಕಿದ್ದು ಇನ್ನೂ ಕಿವಿಯಾಗ ಅದ.
"ಇಲ್ಲೂ ಸೀರೀಸೇ ಮಗಳಾ, ಆದರ
ಪ್ರತಿ ದೀಪದ ಕಾಲ ಕೆಳಗ ಒಂದು ಟ್ರಾನ್ಸ್‌ಫಾರ್ಮರು.
ಸತ್ತದ್ದು ತಾನೊಂದ ಸಾಯತದ, ಕರೆಂಟು ಮುಂದ ಹೋಗತದ.
ಮತ್ತ ಕಟ್ಟಕಡೀ ದೀಪಕ್ಕೂ ಮೊದಲನೇದಕ್ಕ ಬಂದಷ್ಟೇ,
ಆರು ಪಾಯಿಂಟ್ ಆರು. ಕೂದಲೆಳಿ ಕಡಿಮಿ ಇಲ್ಲ."
ನನಗ ನಮ್ಮಾಯಿ ನೆನಪಾದಳು:
ಪಂಗತಿಯ ಕಡೀ ಎಲಿ,
ಹುಗ್ಗಿ ಅಲ್ಲಿತನಕ ಬರೂದರಾಗ ಬರೀ ಸೌಟಿನ ಸದ್ದು.
ಆರು ಪಾಯಿಂಟ್ ಆರು, ಅಂತ ಬಾಯೊಳಗ ಎರಡು ಸಲ ಅಂದೆ.

ಇವತ್ತ ಹದಿನೇಳನೇ ದೀಪದ ಹತ್ತರ ಅವರು ನಿಂತರು.
"ರೆಗ್ಯುಲೇಟರ್ ನೋಡಿ ಬಾ. ಎಲ್ಲಾನೂ ಮಂದ ಆಗ್ಯಾವ,
ಬೂದಿ ಬಡದಂಗ."
ಓಡಿದೆ. ಮುಳ್ಳು ನೆಟ್ಟಗ ಆರು ಪಾಯಿಂಟ್ ಆರರ ಮ್ಯಾಲ.
ಹೊಳ್ಳಿ ಬಂದು ನೋಡಿದೆ: ನೀಲಿ ಅಂದ್ರ ನೀಲಿ,
ಆಗಷ್ಟ ಶಾಯಿ ದೌತಿ ಒಡದಂಗ.
ಆಮ್ಯಾಲ ಅವರ ಕಣ್ಣು ನೋಡಿದೆ.
ಏಪ್ರನ್ನಿನ ಎತ್ತರ ಕಂಬದ ಬೆಳಕು ಅದರಾಗ ಬಿದ್ದು
ಹಾಲು ಹನಿಸಿದ ನೀರಂಗ ಕದಡಿತ್ತು.
ಮೋತಿಬಿಂದು ಮೊದಲು ನೀಲಿನೇ ಕದೀತದ ಅಂತ
ದವಾಖಾನಿ ಗ್ವಾಡಿಮ್ಯಾಲ ಓದಿದ್ದೆ.

"ಏನಂತದ ಮುಳ್ಳು?"
ಮೆಗ್ಗರಿನ ಪಟ್ಟಿ ಈ ಹೆಗಲಿಂದ ಆ ಹೆಗಲಿಗಿ ಹಾಕ್ಕೊಂಡೆ.
"ಸರಿ ಅದ ಚಾಚಾ. ಗಾಜಿಗಿ ಧೂಳು ಕುಂತದ."
ಅವರು ಬಗ್ಗಿ ಟವಲಿಂದ ಗಾಜು ಒರಸಿದರು,
ಹದಿನೇಳು, ಹದಿನೆಂಟು, ಹತ್ತೊಂಬತ್ತು.
ಒರಸಿ, ಹಂಚು ಕಾದದೋ ಇಲ್ಲೋ ನೋಡವರಂಗ
ಗಾಜಿನ ಮ್ಯಾಲ ಅಂಗೈ ಹಿಡಿದರು.
"ಉರೀಲಿಕತ್ಯಾದ. ಬರಕೊ."
ಬರಕೊಂಡೆ.

ಮುಂದಿನ ತಿಂಗಳು ಎಲ್‌ಇಡಿ. ಪೆಟ್ಟಿಗಿ ಆಗಲೇ ಸ್ಟೋರಿನ್ಯಾಗ ಕುಂತಾವ.
ಅವು ಹಿಂಗ ಸುಡೂದಿಲ್ಲಂತ, ಮುಟ್ಟಿದರ ತಣ್ಣಗ ಇರತಾವಂತ.
ಅವರಿಗಿ ಇದನ್ನ ಇನ್ನೂ ಯಾರೂ ಹೇಳಿಲ್ಲ,
ಅಥವಾ ಹೇಳ್ಯಾರ,
ಅದಕ್ಕ ಇವತ್ತ ಇಷ್ಟು ಹೊತ್ತು ಇಟ್ಟಾರ ಕೈ.

ನಲವತ್ತೆರಡನೇದು ಬೇಲಿ ಹತ್ತರ.
ಪಡುವಣಕ್ಕ ಕಲಬುರಗಿ ಊರಿನ ಬೆಳಕು, ಹಳದಿ, ಚಲ್ಲಾಪಿಲ್ಲಿ.
ಕತ್ತಲದಾಗ ಟಿಟ್ಟಿಭ ಒಂದು ಬೈಲಿಕತ್ತಿತ್ತು.
ಎಣಿಕಿ ತಪ್ಪಿದಂಗ ಮಾಡಿ ಕೇಳಿದೆ,
"ಇದು ನಲವತ್ತೊಂದೋ, ಎರಡೋ?"
ಅವರು ಬಂದ ದಾರಿ ಹೊಳ್ಳಿ ನೋಡಿದರು. ಅಲ್ಲಿ ಏನು ಕಂಡಿತೋ.
"ಎರಡು," ಅಂದರು. "ಎಲ್ಲಾ ಅದಾವ."

ರಿಜಿಸ್ಟರು ಬಿಚ್ಚಿ ಪೆನ್ನು ಕೊಟ್ಟೆ,
ಸಹಿಯ ಗೆರಿ ಎಲ್ಲಿ ಮುಗೀತದೋ
ಅಲ್ಲಿ ನನ್ನ ಬೆರಳಿಟ್ಟು.